ಅಮೆರಿಕಕ್ಕೆ ಹೊರಟ ಹಾಸನ, ಚಿಕ್ಕಮಗಳೂರಿನವರಿಗೆ: ‘ಫ್ರೀ’ ಫೋನಿಗೆ ಸಹಿ ಹಾಕುವ ಮುಂಚೆ

ರಜೆಗೆ ಹಾಸನಕ್ಕೆ ಬಂದಾಗ ನನ್ನನ್ನು ಹುಡುಕಿಕೊಂಡು ಬರುವವರ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಲ್ಲಿ ಓದಿ ಎಂ.ಎಸ್.ಗೆ ಹೊರಟ ಹುಡುಗ ಇರಲಿ, ಚಿಕ್ಕಮಗಳೂರಿನ ಎಐಟಿ ಮುಗಿಸಿ ಕಂಪನಿ ಕಡೆಯಿಂದ ಹೊರಟ ಹುಡುಗಿ ಇರಲಿ, ಮಗನ ಜೊತೆ ಬಂದ ಅಪ್ಪನೇ ಇರಲಿ, "ಅಲ್ಲಿ ಫೋನ್ ಫ್ರೀ ಕೊಡ್ತಾರಂತಲ್ಲ, ಇಲ್ಲಿಂದ ಯಾಕೆ ತಗೊಂಡು ಹೋಗ್ಬೇಕು?" ಅಂತಾರೆ. ಎಲ್ಲರಿಗೂ ಬಾಯಲ್ಲಿ ಹೇಳೋದಕ್ಕಿಂತ ಒಮ್ಮೆ ಬರೆದಿಟ್ಟರೆ ವಾಸಿ ಅನ್ನಿಸಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಒಂದೆರಡು ವರ್ಷ ಅನ್‌ಲಾಕ್ಡ್ ಫೋನ್ (ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯುವಂಥದ್ದು), ಅದಕ್ಕೊಂದು ಪ್ರೀಪೇಯ್ಡ್ ಪ್ಲಾನ್. ಅಷ್ಟು ಸಾಕು. ಸಂಸಾರ ಸಮೇತ ಒಂದೂರಲ್ಲಿ ನೆಲೆ ನಿಂತ ಮೇಲೆ ಬೇಕಾದರೆ ಕಂಪನಿಗಳ ಆಫರ್ ಕಡೆ ನೋಡಿ.

ನಮ್ಮಲ್ಲಿ ಬಿ.ಎಂ. ರೋಡಿನ ಯಾವುದೋ ಅಂಗಡಿಗೆ ಹೋಗಿ ಫೋನ್ ತಗೊಂಡು, ಸಿಮ್ ಬೇರೆ ಕಡೆ ತಗೊಂಡು ಹಾಕಿಕೊಳ್ಳುತ್ತೇವೆ. ಇಎಂಐ ಬಾಕಿ ಇದ್ದರೂ ಯಾರ ಸಿಮ್ ಬೇಕಾದರೂ ನಡೆಯುತ್ತೆ. ಅಮೆರಿಕದಲ್ಲಿ ಫೋನನ್ನೂ ನೆಟ್‌ವರ್ಕ್ ಕಂಪನಿಯೇ ಮಾರುತ್ತೆ. ಈಗ ದೊಡ್ಡವು ಮೂರು: ವೆರೈಝನ್, ಎಟಿ ಅಂಡ್ ಟಿ, ಟಿ-ಮೊಬೈಲ್. ನಾಲ್ಕನೆಯದಾಗಿದ್ದ ಸ್ಪ್ರಿಂಟ್ 2020ರಲ್ಲಿ ಟಿ-ಮೊಬೈಲ್ ಜೊತೆ ಸೇರಿಹೋಯಿತು. ಹಿಂದೆ ಎರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರೆ ಆರುನೂರು ಡಾಲರಿನ ಫೋನ್ ಇನ್ನೂರಕ್ಕೆ ಸಿಗುತ್ತಿತ್ತು. 2013ರಲ್ಲಿ ಟಿ-ಮೊಬೈಲ್ ಆ ಪದ್ಧತಿ ಬಿಟ್ಟಿತು, ಆಮೇಲೆ ಮಿಕ್ಕವರೂ ಬಿಟ್ಟರು. "ಈಗ ಕಾಂಟ್ರಾಕ್ಟೇ ಇಲ್ಲ" ಅಂತ ಅಂಗಡಿಯವರು ಹೇಳೋದು ಸುಳ್ಳಲ್ಲ. ಆದರೆ ಅದರ ಜಾಗಕ್ಕೆ ಕಂತು ಬಂದಿದೆ. ಎಮ್ಮೆ ಕೊಟ್ಟು ಹಗ್ಗ ಮಾತ್ರ ತಾವೇ ಹಿಡಿದುಕೊಂಡ ಹಾಗೆ.

ಕಂತಿನ ಲೆಕ್ಕ ಹೀಗಿರುತ್ತೆ. 800 ಡಾಲರಿನ ಫೋನ್ ‘ಫ್ರೀ’ ಅಂದುಕೊಳ್ಳಿ. ಅದನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 22 ಡಾಲರ್ ಚಿಲ್ಲರೆ. ಬಿಲ್ ತೆಗೆದು ನೋಡಿದರೆ ಒಂದು ಸಾಲಲ್ಲಿ ಆ 22 ಡಾಲರ್ ಕೂಡಿಸಿರುತ್ತಾರೆ, ಅದರ ಕೆಳಗಿನ ಸಾಲಲ್ಲೇ ಅಷ್ಟೇ ದುಡ್ಡನ್ನು ಕ್ರೆಡಿಟ್ ಅಂತ ಕಳೆದಿರುತ್ತಾರೆ. ಫ್ರೀ ಅಂದರೆ ಆ ಎರಡನೇ ಸಾಲು. ನೀವು ಆ ಕಂಪನಿಯಲ್ಲಿ, ಅವರು ಹೇಳಿದ ಪ್ಲಾನಿನಲ್ಲಿ ಇರುವ ತನಕ ಮಾತ್ರ ಅದು ಬರುತ್ತೆ. ಮಧ್ಯದಲ್ಲಿ ಬಿಟ್ಟರೆ ಕ್ರೆಡಿಟ್ ನಿಲ್ಲುತ್ತೆ, ಬಾಕಿ ಕಂತೆಲ್ಲ ಒಟ್ಟಿಗೆ ಕೇಳುತ್ತಾರೆ. ವೆರೈಝನ್, ಎಟಿ ಅಂಡ್ ಟಿಯಲ್ಲಿ ಸಾಮಾನ್ಯವಾಗಿ 36 ತಿಂಗಳು, ಟಿ-ಮೊಬೈಲ್‌ನಲ್ಲಿ 24.

ಅದರ ಮೇಲೆ, ಫ್ರೀ ಫೋನ್ ಬೇಕು ಅಂದರೆ ದುಬಾರಿ ಅನ್‌ಲಿಮಿಟೆಡ್ ಪ್ಲಾನ್ ತಗೊಳ್ಳಿ ಅನ್ನುತ್ತಾರೆ. ಒಬ್ಬರಿಗೇ ಅದು ತಿಂಗಳಿಗೆ 80 ಡಾಲರ್ ಆಯಿತು, ಪ್ರೀಪೇಯ್ಡ್ 25 ಆಯಿತು ಅಂದುಕೊಂಡರೆ ವ್ಯತ್ಯಾಸ 55. ಅದನ್ನು 36ರಿಂದ ಗುಣಿಸಿ: 1,980 ಡಾಲರ್. ಅಂದರೆ 800 ಡಾಲರಿನ ಫೋನನ್ನು ಕೈಯಿಂದ ಕಾಸು ಕೊಟ್ಟು ತಗೊಂಡು ಪ್ರೀಪೇಯ್ಡ್ ಹಾಕಿಸಿಕೊಂಡವನ ಹತ್ತಿರ ಸಾವಿರದ ಮೇಲೆ ಉಳಿದಿರುತ್ತೆ. ಇಷ್ಟು ಸಾಲದು ಅಂತ ಆಕ್ಟಿವೇಶನ್‌ಗೆ ಬೇರೆ ಶುಲ್ಕ. ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಫೋನಿನ ಪೂರ್ತಿ ಬೆಲೆಯ ಮೇಲಿನ ಸೇಲ್ಸ್ ಟ್ಯಾಕ್ಸ್ ಮೊದಲ ದಿನವೇ ಕಟ್ಟಬೇಕು, ಫೋನ್ ಫ್ರೀ ಇದ್ದರೂ. ಬೋರ್ಡಿನಲ್ಲಿ ಬರೆದಿರೋ ಪ್ಲಾನಿನ ರೇಟು ಆಟೋಪೇ (ಬಿಲ್ ತಾನಾಗೇ ಕಟ್ಟಾಗುವ ಏರ್ಪಾಡು) ರಿಯಾಯಿತಿ ಕಳೆದ ಮೇಲಿನದ್ದು, ತೆರಿಗೆ ಸೇರದ್ದು. ಬಿಲ್ ಬಂದಾಗ ಗೊತ್ತಾಗುತ್ತೆ.

ಹೊಸದಾಗಿ ಬಂದವರ ಮೊದಲ ಎರಡು ವರ್ಷ ಹೇಗಿರುತ್ತೆ ಅಂತ ಯೋಚನೆ ಮಾಡಿ. ವಿದ್ಯಾರ್ಥಿಯಾದರೆ ಓದು ಮುಗಿದ ಮೇಲೆ ಕೆಲಸ ಯಾವ ಊರಲ್ಲೋ. ಕೆಲಸದವರಾದರೆ ಪ್ರಾಜೆಕ್ಟ್ ಎಲ್ಲಿಗೋ. ವೀಸಾ ಕೈಕೊಟ್ಟರೆ ಎಲ್ಲ ಕಟ್ಟಿಕೊಂಡು ವಾಪಸ್ ಬರುವ ಪರಿಸ್ಥಿತಿಯೂ ಬರಬಹುದು, ಬಾಯಿಬಿಟ್ಟು ಯಾರೂ ಹೇಳಲ್ಲ ಅಷ್ಟೇ. ಇಂಥ ಹೊತ್ತಲ್ಲಿ ಮೂರು ವರ್ಷದ ಕಂತು ಯಾಕೆ ಬೇಕು? ಅಲ್ಲದೆ ಪೋಸ್ಟ್‌ಪೇಯ್ಡ್ ಅಂದರೆ ಕ್ರೆಡಿಟ್ ಚೆಕ್ ಮಾಡುತ್ತಾರೆ, ಅಂದರೆ ನೀವು ಸಾಲ, ಬಿಲ್ ಸರಿಯಾಗಿ ಕಟ್ಟಿದ್ದೀರಾ ಅಂತ ಹಳೇ ದಾಖಲೆ ನೋಡುತ್ತಾರೆ. ಸೋಶಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿಯ ಸರ್ಕಾರ ಕೊಡುವ ಗುರುತಿನ ನಂಬರ್) ಇಲ್ಲ, ಕ್ರೆಡಿಟ್ ಹಿಸ್ಟರಿ ಇಲ್ಲ ಅಂದರೆ ಡೆಪಾಸಿಟ್ ಕೇಳಬಹುದು, ಕಂತಿನ ಫೋನ್ ಕೊಡಲ್ಲ ಅಂತಲೂ ಅನ್ನಬಹುದು. ಪ್ರೀಪೇಯ್ಡ್‌ಗೆ ಆ ರಗಳೆ ಇಲ್ಲ.

ಈಗ ಲಾಕ್ ವಿಷಯ. ನನ್ನ ಪ್ರಕಾರ ಕನ್ನಡದವರಿಗೆ ದುಡ್ಡಿನ ಲೆಕ್ಕಕ್ಕಿಂತ ಇದೇ ಜಾಸ್ತಿ ಮುಖ್ಯ. ಕಂಪನಿಯಿಂದ ಕಂತಿನಲ್ಲಿ ತಗೊಂಡ ಫೋನ್ ಆ ಕಂಪನಿಗೇ ಲಾಕ್ ಆಗಿರುತ್ತೆ. ಎಟಿ ಅಂಡ್ ಟಿ, ಟಿ-ಮೊಬೈಲ್‌ನಲ್ಲಿ ಫೋನಿನ ದುಡ್ಡು ಪೂರ್ತಿ ತೀರಿಸದೆ ಅನ್‌ಲಾಕ್ ಮಾಡಿಕೊಡಲ್ಲ. ವೆರೈಝನ್‌ನಲ್ಲಿ ಬಹಳ ಕಾಲ 60 ದಿನಕ್ಕೆ ತಾನಾಗೇ ಬಿಡುಗಡೆ ಆಗುತ್ತಿತ್ತು, ಊರಲ್ಲಿ ಈಗಲೂ ಅದನ್ನೇ ಹೇಳುವವರಿದ್ದಾರೆ. ಹಳೇ ಮಾತು ನಂಬಬೇಡಿ, ತಗೊಳ್ಳುವ ದಿನದ ನಿಯಮ ಓದಿ. ಲಾಕ್ ಇರುವ ಫೋನಿಗೆ ನಿಮ್ಮ ಜಿಯೋ ಅಥವಾ ಏರ್‌ಟೆಲ್ ಸಿಮ್ ಎರಡನೇ ಸಿಮ್ ಆಗಿಯೂ ನಡೆಯಲ್ಲ. ನಮಗೋ ಆ ಸಿಮ್ ದಿನಾ ಬೇಕು. ಬ್ಯಾಂಕಿನ ಓಟಿಪಿ, ಆಧಾರ್ ಓಟಿಪಿ, ಅಪ್ಪನ ಇನ್ಶೂರೆನ್ಸ್ ಕಂತು, ಎಲ್ಲ ಆ ನಂಬರಿಗೇ. ಹೊಸ ಫೋನಲ್ಲಿ ಯುಪಿಐ ಆ್ಯಪ್ ಹಾಕಿಕೊಳ್ಳಬೇಕಾದರೆ ಆ ಸಿಮ್ಮಿನಿಂದಲೇ ಎಸ್ಸೆಮ್ಮೆಸ್ ಹೋಗಬೇಕು. ಹಾಗಾಗಿ ಲಾಕ್ಡ್ ಫೋನಿನವರು ಓಟಿಪಿಗೆ ಅಂತಲೇ ಹಳೇ ಫೋನೊಂದನ್ನು ಚಾರ್ಜಿಗೆ ಹಾಕಿಟ್ಟುಕೊಂಡು ಓಡಾಡುತ್ತಾರೆ.

ಊರಿಗೆ ಬಂದಾಗಲೂ ಅದೇ ಗೋಳು. ಹಾಸನಾಂಬೆ ದರ್ಶನ ಅಂತ ದೀಪಾವಳಿ ಹೊತ್ತಿಗೆ ಬರುತ್ತೀರಿ, ಸಾಲಿನಲ್ಲಿ ಗಂಟೆಗಟ್ಟಲೆ ನಿಂತಿರುತ್ತೀರಿ, ಫೋನಲ್ಲಿ ನೆಟ್ ಬೇಕು ಅಂದರೆ ಅಮೆರಿಕದ ರೋಮಿಂಗೇ ಗತಿ. ವೆರೈಝನ್, ಎಟಿ ಅಂಡ್ ಟಿಯಲ್ಲಿ ಅದು ದಿನಕ್ಕೆ 12 ಡಾಲರ್ ಆಸುಪಾಸು. ಇಲ್ಲಿ ಆ ದುಡ್ಡಿಗೆ ತಿಂಗಳಿನ ರೀಚಾರ್ಜ್ ಆಗಿ ಮಿಕ್ಕುತ್ತೆ.

ಹಾಗಾದರೆ ಊರಿಂದಲೇ ಫೋನ್ ಒಯ್ಯಬಹುದಾ? ಒಯ್ಯಬಹುದು, ನೋಡಿಕೊಂಡು. ಅಮೆರಿಕದಲ್ಲಿ 2022ರಲ್ಲಿ 3ಜಿ ಪೂರ್ತಿ ಮುಚ್ಚಿದರು. ಈಗ ಕರೆ ಹೋಗಬೇಕಾದರೂ 4ಜಿ ಮೇಲೆ, ವೋಲ್ಟಿ ಮೂಲಕವೇ ಹೋಗಬೇಕು. ನಿಮ್ಮ ಫೋನಲ್ಲಿ ವೋಲ್ಟಿ ಇದ್ದರೆ ಸಾಲದು, ಅಲ್ಲಿಯ ಕಂಪನಿ ಆ ಮಾಡೆಲನ್ನು ಒಪ್ಪಬೇಕು. ಎಟಿ ಅಂಡ್ ಟಿ ಇದಕ್ಕೆಂದೇ ಒಂದು ಪಟ್ಟಿ ಇಟ್ಟಿದೆ. ನಮ್ಮಲ್ಲಿ ಜಾಸ್ತಿ ಓಡುವ ರೆಡ್‌ಮಿ, ರಿಯಲ್‌ಮಿ, ವಿವೋ ಫೋನ್‌ಗಳಿಗೆ ಅಲ್ಲಿ ಎಡವಟ್ಟಾಗುವುದು ಇಲ್ಲೇ. ಬ್ಯಾಂಡ್‌ಗಳೂ, ಅಂದರೆ ಸಿಗ್ನಲ್ ಹೋಗುವ ತರಂಗಗಳೂ ಬೇರೆ. ಟಿ-ಮೊಬೈಲ್ ಹಳ್ಳಿಗಾಡಿಗೆ ನೆಚ್ಚಿರುವುದು ಬ್ಯಾಂಡ್ 71, ವೆರೈಝನ್‌ಗೆ 13 ಬೇಕೇ ಬೇಕು. ಭಾರತಕ್ಕೆಂದು ಮಾಡಿದ ಫೋನಲ್ಲಿ ಇವೆರಡೂ ಇಲ್ಲದಿರಬಹುದು. *#06# ಒತ್ತಿದರೆ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬರುತ್ತೆ. ಅದನ್ನು ಆ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ನಡೆಯುತ್ತೋ ಇಲ್ಲವೋ ಅಲ್ಲೇ ಹೇಳುತ್ತೆ. ವಿಮಾನ ಹತ್ತುವ ಮುಂಚೆ, ಹಾಸನದಲ್ಲಿ ಕೂತೇ ಇದನ್ನು ಮಾಡಿ. ಐಫೋನ್ ಇದ್ದವರು ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ, ಆದರೂ ಒಮ್ಮೆ ನೋಡಿ. ಇರುವ ಫೋನ್ ನಡೆಯುತ್ತೆ ಅಂದರೆ ಹೊಸದು ತಗೊಳ್ಳಲೇಬೇಡಿ, ಮೊದಲ ತಿಂಗಳ ಖರ್ಚು ಬೇಕಾದಷ್ಟಿರುತ್ತೆ.

ಹೊರಡುವ ಮುಂಚೆ ಇನ್ನೊಂದು ಕೆಲಸ. 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ ಸಿಮ್ ಹಾಕುವ ಜಾಗವೇ ಇಲ್ಲ, ಬರೀ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್). ಅಲ್ಲಿ ಹೋಗಿ ಐಫೋನ್ ತಗೊಳ್ಳುವ ಅಂದಾಜಿದ್ದರೆ ಇಲ್ಲಿಯ ಸಿಮ್ಮನ್ನು ಇ-ಸಿಮ್ ಮಾಡಿಸುವುದು ಹೇಗೆ ಅಂತ ಈಗಲೇ ತಿಳಿದುಕೊಳ್ಳಿ. ನಿಮ್ಮ ಕೈಲಿರುವ ಫೋನೇ ಇ-ಸಿಮ್ ತಗೊಳ್ಳುತ್ತೆ ಅಂದರೆ ಇಲ್ಲೇ ಮಾಡಿಸಿಕೊಂಡುಬಿಡಿ. ಸಿಮ್ ಬದಲಾದ ಮೇಲೆ ಒಂದು ದಿನ ಎಸ್ಸೆಮ್ಮೆಸ್ ಬರಲ್ಲ, ಹೋಗಲ್ಲ. ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಂಡರೆ ಏರ್‌ಪೋರ್ಟಲ್ಲಿ ಓಟಿಪಿಗೆ ಪರದಾಡುತ್ತೀರಿ. ರೋಮಿಂಗ್ ಆನ್ ಮಾಡಿಸಿಕೊಂಡು ಬನ್ನಿ, ರೀಚಾರ್ಜ್ ತಪ್ಪಿಸಬೇಡಿ. ಸಿಮ್ ಸುಮ್ನೆ ತಿಂಗಳುಗಟ್ಟಲೆ ಬಿದ್ದಿದ್ದರೆ ನಂಬರ್ ಇನ್ಯಾರಿಗೋ ಹೋಗುತ್ತೆ.

ಅಲ್ಲೇ ತಗೊಳ್ಳೋದಾದರೆ ಆಪಲ್, ಗೂಗಲ್, ಸ್ಯಾಮ್‌ಸಂಗ್‌ನವರ ಸೈಟಿನಲ್ಲೋ, ಬೆಸ್ಟ್ ಬೈ, ಅಮೆಜಾನ್‌ನಲ್ಲೋ ಅನ್‌ಲಾಕ್ಡ್ ಅಂತ ಸ್ಪಷ್ಟವಾಗಿ ಬರೆದಿರುವುದನ್ನೇ ಆರಿಸಿ. ದೊಡ್ಡ ಅಕ್ಷರದಲ್ಲಿ ಕಾಣುವ ಕಡಿಮೆ ಬೆಲೆ ಎಷ್ಟೋ ಸಲ "ಇವತ್ತೇ ಈ ಕಂಪನಿಯಲ್ಲಿ ಆಕ್ಟಿವೇಟ್ ಮಾಡಿಸಿದರೆ" ಅನ್ನುವ ಷರತ್ತಿನದ್ದು. ಪಿಕ್ಸೆಲ್‌ನ ಎ ಸರಣಿ, ಸ್ಯಾಮ್‌ಸಂಗ್‌ನ ಎ ಸರಣಿ 500 ಡಾಲರ್ ಒಳಗೇ ಸಿಗುತ್ತವೆ, ವಿದ್ಯಾರ್ಥಿಗೆ ಧಾರಾಳ ಸಾಕು. ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ತನಕ ತಡೆಯೋಕೆ ಆದರೆ ಇನ್ನೂ ಇಳಿಯುತ್ತೆ. ಸೆಕೆಂಡ್‌ಹ್ಯಾಂಡ್ ತಗೊಂಡರೆ ಹುಷಾರು. ಮಾರಿದವನು ಕಂತು ನಿಲ್ಲಿಸಿದರೆ ಕಂಪನಿ ಆ ಐಎಂಇಐಯನ್ನೇ ಕಪ್ಪುಪಟ್ಟಿಗೆ ಹಾಕುತ್ತೆ, ಫೋನ್ ನಿಮ್ಮ ಕೈಯಲ್ಲಿ ಸತ್ತ ಹಾಗೆಯೇ. ಐಫೋನಾದರೆ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಹೋಗಿ ಕ್ಯಾರಿಯರ್ ಲಾಕ್ ಅನ್ನುವ ಸಾಲು ನೋಡಿ. ಸಿಮ್ ನಿರ್ಬಂಧ ಇಲ್ಲ ಅಂತ ಅಲ್ಲಿ ಬರೆದಿದ್ದರೆ ಮಾತ್ರ ದುಡ್ಡು ಎಣಿಸಿ.

ಪ್ಲಾನಿಗೆ ಬಂದರೆ, ದೊಡ್ಡ ಮೂವರ ಟವರುಗಳನ್ನೇ ಬಳಸಿ ಅಗ್ಗಕ್ಕೆ ಮಾರುವವರು ತುಂಬಾ ಜನ ಇದ್ದಾರೆ. ಮಿಂಟ್ ಓಡುವುದು ಟಿ-ಮೊಬೈಲ್ ಮೇಲೆ, ವಿಸಿಬಲ್ ವೆರೈಝನ್ ಮೇಲೆ, ಕ್ರಿಕೆಟ್ ಎಟಿ ಅಂಡ್ ಟಿ ಮೇಲೆ. ಜನಜಂಗುಳಿ ಇರುವ ಕಡೆ ಇವರ ಡೇಟಾ ಸ್ವಲ್ಪ ನಿಧಾನ ಆಗುತ್ತೆ, ಅಷ್ಟೇ. ಯಾವ ಟವರ್ ಚೆನ್ನಾಗಿದೆ ಅನ್ನುವುದು ನಿಮ್ಮ ಬೀದಿಯ ಮೇಲೆ ನಿಂತಿದೆ, ಅಕ್ಕಪಕ್ಕದವರನ್ನು ಕೇಳಿ. ವರ್ಷದ್ದು ಒಟ್ಟಿಗೆ ಕಟ್ಟಿದರೆ ಅಗ್ಗ ಅನ್ನುವ ಪ್ಲಾನನ್ನು ಬಂದ ವಾರವೇ ತಗೊಳ್ಳಬೇಡಿ, ಮೊದಲು ಚಿಕ್ಕ ಅವಧಿಗೆ ಹಾಕಿ ನೋಡಿ. ಭಾರತಕ್ಕೆ ಕರೆ ಸೇರಿರುವ ಪ್ಲಾನ್ ಸಿಕ್ಕರೆ ಒಳ್ಳೆಯದು. ಮಳೆಗಾಲದಲ್ಲಿ ಮೂಡಿಗೆರೆ, ಕಳಸದ ಕಡೆ ಕರೆಂಟು ಹೋಗಿ ಮನೆಯ ವೈಫೈ ನಿಂತಾಗ ವಾಟ್ಸ್ಯಾಪ್ ಕಾಲ್ ನಂಬಿಕೊಂಡರೆ ಆಗಲ್ಲ.

ರೂಮ್‌ಮೇಟ್‌ಗಳೆಲ್ಲ ಸೇರಿ ಫ್ಯಾಮಿಲಿ ಪ್ಲಾನ್ ಮಾಡುವ ಅಭ್ಯಾಸ ನಮ್ಮವರಲ್ಲಿ ಬಹಳ. ದುಡ್ಡು ಉಳಿಯುತ್ತೆ ನಿಜ. ಆದರೆ ಅಕೌಂಟ್ ಇರುವುದು ಒಬ್ಬರ ಹೆಸರಲ್ಲಿ. ಯಾರೋ ದುಡ್ಡು ಕೊಡದಿದ್ದರೆ ಪೆಟ್ಟು ಬೀಳುವುದು ಆ ಒಬ್ಬರ ಕ್ರೆಡಿಟ್‌ಗೆ. ನೀವು ಬೇರೆ ಕಂಪನಿಗೆ ನಂಬರ್ ಒಯ್ಯಬೇಕಾದರೆ ಅಕೌಂಟ್ ನಂಬರ್, ಟ್ರಾನ್ಸ್‌ಫರ್ ಪಿನ್ ಎರಡೂ ಅವರಿಂದಲೇ ಬರಬೇಕು. ಸ್ನೇಹ ಕೆಟ್ಟ ಮೇಲೆ ಕೇಳೋದು ಕಷ್ಟ. ಅಲ್ಲಿಯ ಬ್ಯಾಂಕು, ವಿಶ್ವವಿದ್ಯಾಲಯ ಎಲ್ಲ ಆ ನಂಬರಿಗೇ ಕೋಡ್ ಕಳಿಸುವುದರಿಂದ ನಂಬರ್ ಕಳೆದುಕೊಂಡರೆ ಪಡಿಪಾಟಲು ಜಾಸ್ತಿ. ಕಂಪನಿ ಬದಲಿಸುವಾಗ ಹಳೇ ಲೈನನ್ನು ನೀವಾಗೇ ಮೊದಲು ರದ್ದು ಮಾಡಬೇಡಿ. ಹೊಸ ಕಡೆ ನಂಬರ್ ಹೋದ ಮೇಲೆ ಅದು ತಾನೇ ಮುಚ್ಚಿಕೊಳ್ಳುತ್ತೆ.

ಕಂಪನಿ ಫೋನ್ ಯಾವತ್ತೂ ಬೇಡ ಅಂತ ನಾನು ಹೇಳುತ್ತಿಲ್ಲ. ಗಂಡ, ಹೆಂಡತಿ, ಓದುವ ಮಕ್ಕಳು ಅಂತ ನಾಲ್ಕು ಲೈನ್ ಆದಾಗ ತಲೆಗೆ ಬೀಳುವ ಖರ್ಚು ಅರ್ಧದ ಹತ್ತಿರ ಇಳಿಯುತ್ತೆ. ಕಂತಿಗೆ ಬಡ್ಡಿಯೂ ಇಲ್ಲ. ಮೂರು ವರ್ಷ ಅದೇ ಕಂಪನಿಯಲ್ಲಿ ಇರುವುದು ಖಾತ್ರಿ ಇದ್ದರೆ ನಾಲ್ಕು ಫೋನಿನ ಆಫರ್ ನಿಜವಾಗಿಯೂ ಲಾಭದ್ದೇ. ಆಗಲೂ ಮನೆಯಲ್ಲಿ ಒಂದು ಫೋನನ್ನಾದರೂ ಅನ್‌ಲಾಕ್ಡ್ ಇಟ್ಟುಕೊಳ್ಳಿ, ಊರಿನ ಸಿಮ್‌ಗೆ.

ಕೊನೆಗೆ ಊರಿಗೆ ಉಡುಗೊರೆ ಒಯ್ಯುವವರಿಗೆ ಒಂದು ಮಾತು. ಅಮೆರಿಕದ ಐಫೋನ್ ತಂದು ಸಕಲೇಶಪುರದಲ್ಲಿರುವ ಅಪ್ಪನಿಗೆ ಕೊಡುತ್ತಾರೆ, ಅವರು ಅದನ್ನು ಪೇಟೆಯ ಮೊಬೈಲ್ ಅಂಗಡಿಗೆ ಒಯ್ಯುತ್ತಾರೆ, ಅಂಗಡಿ ಹುಡುಗ ಪಿನ್ ಹಿಡಿದುಕೊಂಡು ಫೋನಿನ ನಾಲ್ಕೂ ಬದಿ ತಿರುಗಿಸಿ ಸಿಮ್ ತೂತು ಹುಡುಕುತ್ತಾನೆ. ಇರಲ್ಲ. ಜಿಯೋ, ಏರ್‌ಟೆಲ್ ಆದರೆ ಇ-ಸಿಮ್ ಮಾಡಿಸಬಹುದು, ಆದರೆ ವಯಸ್ಸಾದವರಿಗೆ ಫೋನ್ ಕೆಟ್ಟಾಗ ಸಿಮ್ ತೆಗೆದು ಹಳೇದಕ್ಕೆ ಹಾಕಿಕೊಳ್ಳುವ ಸೌಕರ್ಯ ಹೋಗುತ್ತೆ. ಅಮೆರಿಕದ ಪಿಕ್ಸೆಲ್ 10 ಕೂಡ ಹೀಗೆಯೇ. ಅಪ್ಪ ಅಮ್ಮನಿಗೆ ಅಂದರೆ ಸಿಮ್ ಟ್ರೇ ಇರುವ ಸ್ಯಾಮ್‌ಸಂಗ್ ಅನ್‌ಲಾಕ್ಡ್ ತನ್ನಿ, ಇಲ್ಲವೇ ಆ ದುಡ್ಡು ಕಳಿಸಿ ಹಾಸನದಲ್ಲೇ ಕೊಡಿಸಿ. ವಾರಂಟಿ, ರಿಪೇರಿ ಎರಡೂ ಹತ್ತಿರದಲ್ಲೇ ಆಗುತ್ತೆ.