ಒಂದು ಸೀರೆ, ಒಂದು ಮೊಳ, ಒಂದೊಂದೇ ಕಣ್ಣು

ನಮ್ಮ ದೊಡ್ಡಪ್ಪನಿಗೆ ಬಲಗಣ್ಣು ಕಾಣುತ್ತಿಲ್ಲವೆಂದು ಗೊತ್ತಾದದ್ದು ಎಡಗಣ್ಣಿಗೆ ರಾಗಿ ಹೊಟ್ಟು ಬಿದ್ದ ದಿನ. ಅಲ್ಲಿಯವರೆಗೆ ಎಡಗಣ್ಣೇ ಎರಡರ ಕೆಲಸವನ್ನೂ ನಿಭಾಯಿಸಿಕೊಂಡು ಬಂದಿತ್ತು. ವೈದ್ಯರು ಗ್ಲಾಕೋಮಾ ಎಂದರು, ಅಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆ. ಹೋದ ದೃಷ್ಟಿ ಮರಳಲಿಲ್ಲ, ಉಳಿದದ್ದನ್ನು ಕಣ್ಣಿನ ಹನಿ ಕಾಯಿತು. ಇಂಥವರನ್ನು ಊರಿನಲ್ಲಿ ಮೊದಲೇ ಗುರುತಿಸಲು ಶಾಮಿಯಾನ, ಫ್ಲೆಕ್ಸ್, ಹಾರ ತುರಾಯಿ ಬೇಕಿಲ್ಲ. ಒಂದು ಕಾಗದ, ಒಂದು ನೋಟ್‌ಬುಕ್, ಬೆಳಗಿನ ಒಂದು ಗಂಟೆ ಸಾಕು.

ಜಾಗ

ಜನ ಸೇರುವಲ್ಲಿಗೆ ನೀವೇ ಹೋಗಿ: ಹಾಲಿನ ಡೇರಿ, ಸ್ತ್ರೀಶಕ್ತಿ ಸಂಘದ ಸಭೆ. ತಮ್ಮ ಕಣ್ಣಿಗಾಗಿ ಕೂಲಿ ಬಿಟ್ಟು ಬರುವ ಹೆಂಗಸರು ಕಡಿಮೆ, ಹಾಗಾಗಿ ಸಂಘದ ಸಭೆಯನ್ನು ತಪ್ಪಿಸಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯರು ಯಾವ ದಿನ ಸಿಗುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಚಾರ್ಟ್

ಓದು ಬಾರದವರೂ ತೋರಿಸಬಹುದಾದ ‘ಇ’ ಚಾರ್ಟ್ ಮಾಡಿಕೊಳ್ಳಿ. ಬಿಳಿ ಹಾಳೆಯ ಮೇಲೆ ಇಂಗ್ಲಿಷಿನ ದಪ್ಪ ಕಪ್ಪು ‘ಇ’ ಅಕ್ಷರ ಐದು, ಅವುಗಳ ಬಾಯಿ ಬೇರೆ ಬೇರೆ ದಿಕ್ಕಿಗೆ. ಅಕ್ಷರದ ಎತ್ತರ 17.5 ಮಿಲಿಮೀಟರ್ ಇರಬೇಕು. ಮುದ್ರಿಸುವಾಗ ಕುಗ್ಗುವುದುಂಟು, ಸ್ಕೇಲು ಹಿಡಿದು ನೋಡಿ. ದೂರ 6 ಮೀಟರ್. ಅಳತೆ ಪಟ್ಟಿ ಇಲ್ಲದಿದ್ದರೆ ಐದೂವರೆ ಮೀಟರಿನ ಸೀರೆ ಹಾಸಿ, ಮೇಲೊಂದು ಮೊಳ ಸೇರಿಸಿ, ಸರಿಹೋಗುತ್ತದೆ. ಹಾಳೆಯ ಮೇಲೆ ಹಗಲಿನ ಬೆಳಕು ಚೆನ್ನಾಗಿರಲಿ, ನೋಡುವವರ ಕಣ್ಣಿಗೆ ಬಿಸಿಲು ಹೊಡೆಯದಿರಲಿ.

ಪರೀಕ್ಷೆ

ಒಂದು ಕಣ್ಣನ್ನು ಅಂಗೈಯಿಂದ, ಒತ್ತದೆ, ಮುಚ್ಚಿಸಿ. ಬೆರಳಿನಿಂದ ಮುಚ್ಚಿದರೆ ಸಂದಿಯಲ್ಲಿ ಇಣುಕುತ್ತಾರೆ. ಮಕ್ಕಳಿಗಿಂತ ದೊಡ್ಡವರೇ ಹೆಚ್ಚು! ದೂರದ ಕನ್ನಡಕ ಇದ್ದವರು ಹಾಕಿಕೊಂಡೇ ನೋಡಲಿ. ಅಕ್ಷರದ ಬಾಯಿ ಯಾವ ಕಡೆಗಿದೆಯೆಂದು ಕೈಯಲ್ಲಿ ತೋರಿಸಬೇಕು. ಐದರಲ್ಲಿ ನಾಲ್ಕು ಸರಿಯಾದರೆ ಆ ಕಣ್ಣು ಪಾಸು. ಇನ್ನೊಂದು ಕಣ್ಣಿನ ಸರದಿ ಬಂದಾಗ ಹಾಳೆಯನ್ನು ತಲೆಕೆಳಗು ಮಾಡಿ, ಇಲ್ಲವಾದರೆ ಬಾಯಿಪಾಠದಲ್ಲಿ ಗೆಲ್ಲುತ್ತಾರೆ.

ಮಗುವಿಗೆ ಒಂದು ಕಣ್ಣು ಮಂಜಾಗಿದ್ದರೆ ಆ ವಾರವೇ ವೈದ್ಯರಿಗೆ ತೋರಿಸಿ. ಮೆದುಳು ಆ ಕಣ್ಣನ್ನು ಕಡೆಗಣಿಸುವ ರೂಢಿ ಮಾಡಿಕೊಂಡುಬಿಟ್ಟರೆ, ಮಗುವಿಗೆ ಏಳೆಂಟು ವರ್ಷ ದಾಟಿದ ಮೇಲೆ ತಿದ್ದುವುದು ಕಷ್ಟ.

ಚಾರ್ಟಿಗೆ ಸಿಗದವರು

ನನಗೆ ಭಯವಿರುವುದು ಪಾಸಾದವರ ಬಗ್ಗೆಯೇ. ಗ್ಲಾಕೋಮಾ ಸಾಮಾನ್ಯವಾಗಿ ನೋಟದ ಅಂಚನ್ನು ಮೊದಲು ತಿನ್ನುತ್ತದೆ, ನಡುವಿನ ಅಕ್ಷರ ಕೊನೆಯವರೆಗೂ ಕಾಣುತ್ತಿರಬಹುದು. ಸಕ್ಕರೆ ಕಾಯಿಲೆ ಕಣ್ಣಿನ ಒಳಪರದೆಯಾದ ಅಕ್ಷಿಪಟಲವನ್ನು ನೋವಿಲ್ಲದೆ ಹಾಳು ಮಾಡುತ್ತದೆ. ಆದ್ದರಿಂದ ಎಲ್ಲರನ್ನೂ ಕೇಳಿ: ಸಕ್ಕರೆ ಕಾಯಿಲೆ ಇದೆಯೇ? ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇತ್ತೇ? ಕಣ್ಣು ಕೆಂಪಾದಾಗಲೆಲ್ಲ ಮೆಡಿಕಲ್ ಶಾಪಿನಿಂದ ತಾವೇ ಹನಿ ತಂದು ಹಾಕಿಕೊಳ್ಳುತ್ತಾರೆಯೇ? ಅಂಥ ಹನಿಗಳಲ್ಲಿ ಸ್ಟೀರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಏರಬಹುದು. ಮೂರರಲ್ಲಿ ಒಂದಕ್ಕೆ ಹೌದೆಂದರೂ, ಅಕ್ಷರ ಎಷ್ಟೇ ಚೆನ್ನಾಗಿ ಕಂಡರೂ ಆಸ್ಪತ್ರೆಗೆ ಹೋಗಲಿ. ಅಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜಾಗುತ್ತದೆ. ಬೈಕ್ ಬೇಡ, ಜೊತೆಗೊಬ್ಬರಿರಲಿ.

“ಪೊರೆ ಹಣ್ಣಾಗಲಿ” ಎಂದು ಕಾಯುವ ಹಿರಿಯರು ಸಿಕ್ಕೇ ಸಿಗುತ್ತಾರೆ. ಅದು ಬೀಳಗಿಯ ಕಣ್ಣಿನ ವೈದ್ಯ ಡಾ. ಎಂ.ಸಿ. ಮೋದಿ ಊರೂರಲ್ಲಿ ಶಿಬಿರ ಹೂಡುತ್ತಿದ್ದ ಕಾಲದ ಮಾತು. ಈಗ ದಿನದ ಕೆಲಸಕ್ಕೆ ತೊಡಕಾದರೆ ಸಾಕು, ಶಸ್ತ್ರಚಿಕಿತ್ಸೆ ಮಾಡಿಸಬಹುದು.

ನೋಟ್‌ಬುಕ್

ಹೆಸರು, ಎಡಗಣ್ಣು, ಬಲಗಣ್ಣು, ಹೋಗಬೇಕಾದ ದಿನ, ಹೋದರೋ ಇಲ್ಲವೋ. ಶಿಬಿರಗಳು ಸೋಲುವುದು ಈ ಕೊನೆಯ ಕಾಲಮಿನಲ್ಲಿ. ಚೀಟಿ ಕೊಟ್ಟರೆ ಜೇಬಿನಲ್ಲಿ ಉಳಿಯುತ್ತದೆ. ಐದಾರು ಮಂದಿಯನ್ನು ಒಂದೇ ಬಸ್ಸಿಗೆ ಹತ್ತಿಸಿ, ಒಬ್ಬರು ಜೊತೆಗೆ ಹೋಗಿ. ಎರಡು ವಾರದ ಮೇಲೆ ಅದೇ ಡೇರಿಯ ಮುಂದೆ ನಿಂತು ಪುಸ್ತಕ ತೆರೆಯಿರಿ. ಕೊನೆಯ ಕಾಲಮು ಖಾಲಿ ಇರುವವರ ಮನೆಗೆ ಹೋಗಿ ಬನ್ನಿ. ಅದು ನೆಪ ಕೇಳುವ ಕೆಲಸ: ಹಸು ಕರು ಹಾಕಿದೆ, ಮಗ ಊರಲ್ಲಿಲ್ಲ. ಕೇಳಿಸಿಕೊಳ್ಳಿ, ಮುಂದಿನ ಬಸ್ಸಿನ ದಿನ ಹೇಳಿ ಬನ್ನಿ.