ಮಕ್ಕಳ ಚಳಿಗಾಲದ ಸವಾರಿ: ಕಂಬಳಿ, ನಮ್ದಾ ಮತ್ತು ಅಥಣಿಯ ಚರ್ಮದೊಂದಿಗೆ ನನ್ನ ಅನುಭವ

ವಿಜಯಪುರದಲ್ಲಿ ಮಕ್ಕಳಿಗೆ ಕುದುರೆ ಸವಾರಿ ಕಲಿಸುವವರಿಗೆ ಡಿಸೆಂಬರ್ ಮತ್ತು ಜನವರಿ ನಷ್ಟದ ತಿಂಗಳುಗಳೆಂಬ ಮಾತನ್ನು ಈ ವೃತ್ತಿಗೆ ಬಂದಾಗಿನಿಂದ ಕೇಳುತ್ತಿದ್ದೇನೆ. ಶಾಲೆಗೆ ಮೊದಲೇ ಪಾಠ ಮುಗಿಯಬೇಕಾದ್ದರಿಂದ ಆರೂವರೆಗೆ ಮೈದಾನಕ್ಕೆ ಇಳಿಯಲೇಬೇಕು. ಆ ಹೊತ್ತಿಗೆ ಉಷ್ಣಾಂಶ 10ರಿಂದ 13 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಕೆಲವು ದಿನ ಅದಕ್ಕೂ ಕೆಳಗಿಳಿಯುತ್ತದೆ, ಮೂಡಣ ಗಾಳಿಗೆ ಎರೆಹೊಲಗಳ ಬಯಲಿನಲ್ಲಿ ಅಡ್ಡಿಯೇ ಇರುವುದಿಲ್ಲ. ಅದೇ ಬಯಲು ಮಧ್ಯಾಹ್ನ 30 ಡಿಗ್ರಿಗೆ ಹತ್ತಿರ ಬರುತ್ತದೆ. ಹೀಗಾಗಿ ದಿನಕ್ಕೆ ಎರಡು ತಾಸಿನ ಚಳಿಗಾಗಿ ದುಬಾರಿ ಉಡುಪು ಕೊಳ್ಳಲು ತಂದೆತಾಯಿಗಳಿಗೆ ಮನಸ್ಸಾಗುವುದಿಲ್ಲ. ಮಗುವನ್ನು ಹಾಸಿಗೆಯಲ್ಲೇ ಬಿಡುವುದು ಅವರಿಗೆ ಸುಲಭವಾಗಿ ಕಾಣುತ್ತದೆ. ನನ್ನಲ್ಲಿ ಮೊದಲು ಸಂಕ್ರಾಂತಿಯ ಹೊತ್ತಿಗೆ ಅರ್ಧದಷ್ಟು ಮಕ್ಕಳು ಬಿಟ್ಟುಹೋಗುತ್ತಿದ್ದರು. ಕಳೆದ ಚಳಿಗಾಲದಲ್ಲಿ ಇಪ್ಪತ್ತರಷ್ಟಿದ್ದ ಮಕ್ಕಳಲ್ಲಿ ಬಿಟ್ಟವರು ಇಬ್ಬರೋ ಮೂವರೋ, ಅವರೂ ಪರೀಕ್ಷೆಯ ಕಾರಣಕ್ಕೆ. ಚಳಿಗಾಲದಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವುದು ಆಗದ ಕೆಲಸವೆಂದು ಹೇಳಿದ್ದ ಗೆಳೆಯರೇ ಈಗ ವಿಧಾನ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲ ಎರಡು ಮೂರು ವರ್ಷ ನನ್ನ ದುಡ್ಡೆಲ್ಲ ಮಗುವಿನ ಮೈಮೇಲಿನ ಬಟ್ಟೆಗೆ ಹೋಯಿತು. ಥರ್ಮಲ್ ಒಳಉಡುಪು ಜೋಡಿಗೆ ನಾಲ್ಕೈದು ನೂರು, ಉಬ್ಬಿದ ಜಾಕೆಟ್ ಸಾವಿರದ ಮೇಲೆ. ಸಂಸ್ಥೆಯ ಖರ್ಚಿನಲ್ಲೇ ಹಲವು ಅಳತೆಗಳನ್ನು ತಂದಿಟ್ಟೆ. ಉಬ್ಬಿದ ಜಾಕೆಟ್ ಜೀನಿನ ಹಿಂಭಾಗಕ್ಕೆ ಸಿಕ್ಕಿಕೊಂಡು ಮೇಲಕ್ಕೇರುತ್ತದೆ, ಸೊಂಟ ಬಯಲಾಗುತ್ತದೆ, ಅದರ ಮೇಲೆ ಎದೆಗವಚ ಸರಿಯಾಗಿ ಕೂರುವುದಿಲ್ಲ. ನೈಲಾನಿನ ಸರಸರ ಸದ್ದಿಗೆ ನನ್ನ ಕಾಠಿಯಾವಾಡಿ ತಳಿಯ ಹೆಣ್ಣು ಕುದುರೆಯ ಕಿವಿ ಸದಾ ಹಿಂದಕ್ಕೇ ತಿರುಗಿರುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತು ನಿಮಿಷದ ಕುಲುಕು ಓಟದಲ್ಲಿ, ಅಂದರೆ ಟ್ರಾಟ್‌ನಲ್ಲಿ ಮಗು ಒಳಗೆ ಬೆವರಿ, ಸರದಿಗಾಗಿ ನಿಂತ ಕೂಡಲೇ ಆ ಒದ್ದೆ ಹತ್ತಿಬಟ್ಟೆಯಲ್ಲಿ ನಡುಗುತ್ತಿತ್ತು. ಈಗ ನಾನು ಹೇಳುವುದು ಮೂರೇ ಬಟ್ಟೆ: ಮೈಗೆ ಅಂಟುವ ತೆಳು ಬನಿಯನ್ನು, ಶಾಲೆಯ ಉಣ್ಣೆ ಸ್ವೆಟರು, ಅದರ ಮೇಲೆ ಗಾಳಿ ತಡೆಯುವ ತೋಳಿಲ್ಲದ ಮೆತ್ತನೆಯ ಜಾಕೆಟ್ಟು. ಇದಕ್ಕಿಂತ ಹೆಚ್ಚು ಹಾಕಿಕೊಂಡು ಬಂದರೆ ಹತ್ತುವ ಮೊದಲೇ ತೆಗೆಸುತ್ತೇನೆ.

ಸವಾರನಿಗೆ ಚಳಿ ಏರುವುದು ಕಾಲಿನಿಂದ. ಸವಾರ ಕಾಲೂರುವ ರಿಕಾಪಿನ ಕಬ್ಬಿಣ ರಾತ್ರಿಯೆಲ್ಲ ತಣ್ಣಗಾಗಿರುತ್ತದೆ. ಕ್ಯಾನ್ವಾಸ್ ಬೂಟಿನ ತೆಳು ಅಟ್ಟೆಯ ಮೂಲಕ ಅದು ಪಾದದ ಬಿಸಿಯನ್ನು ಬಿಡದೆ ಎಳೆದುಕೊಳ್ಳುತ್ತದೆ. ಎರಡು ಜೊತೆ ಕಾಲುಚೀಲ ಹಾಕಿಸಿದರೆ ಬೂಟು ಬಿಗಿಯಾಗಿ ರಕ್ತದ ಓಡಾಟ ಕುಗ್ಗುತ್ತದೆ, ಬಿಸಿ ಹಿಡಿಯಬೇಕಾದ ಗಾಳಿಯೂ ಒಳಗೆ ಉಳಿಯುವುದಿಲ್ಲ. ಬೆರಳುಗಳು ಇನ್ನೂ ಬೇಗ ಮರಗಟ್ಟುತ್ತವೆ. ದಪ್ಪ ಗಮ್‌ಬೂಟುಗಳನ್ನು ನಾನು ಒಂದೇ ದಿನದಲ್ಲಿ ನಿಲ್ಲಿಸಿದೆ, ಏಕೆಂದರೆ ಅವುಗಳ ಗಡುಸು ಹಲ್ಲಿನ ಅಟ್ಟೆ ರಿಕಾಪಿನಲ್ಲಿ ಸಿಕ್ಕಿಕೊಂಡರೆ ಬಿದ್ದ ಮಗುವನ್ನು ಕುದುರೆ ಎಳೆದೊಯ್ಯುವ ಅಪಾಯವಿದೆ. ರಿಕಾಪಿನೊಳಗೆ ಬೂಟಿನ ಎರಡೂ ಬದಿಗೆ ಬೆರಳಿನಷ್ಟು ಜಾಗ ಉಳಿಯಲೇಬೇಕೆಂಬ ನಿಯಮವನ್ನು ಚಳಿಯ ನೆಪದಲ್ಲಿ ಯಾರೂ ಸಡಿಲಿಸಬಾರದು. ಕೈ ಬೆಚ್ಚಗಿಡುವ ಕಬ್ಬಿಣಪುಡಿಯ ಪೊಟ್ಟಣಗಳನ್ನು ಬೂಟಿನೊಳಗೆ ಇಟ್ಟು ನೋಡಿದೆ. ಅವು ಬಿಸಿಯಾಗುವುದು ಗಾಳಿಯ ಆಮ್ಲಜನಕದಿಂದ. ಬೂಟಿನೊಳಗೆ ಗಾಳಿಯಿಲ್ಲದೆ ತಣ್ಣಗೇ ಉಳಿದವು. ಜೋಡಿಗೆ ಎಂಬತ್ತು ರೂಪಾಯಿಯಂತೆ ಒಂದು ಡಬ್ಬಿಯ ಹಣ ವ್ಯರ್ಥವಾಯಿತು.

ಪರಿಹಾರ ಸಿಕ್ಕಿದ್ದು ಕೊಲ್ಹಾಪುರಿ ಚಪ್ಪಲಿ ಹೊಲಿಯುವವರಿರುವ, ಬೆಳಗಾವಿ ಜಿಲ್ಲೆಯ ಅಥಣಿಯಲ್ಲಿ. ಬೇರೆ ದೇಶಗಳ ದನಗಾಹಿಗಳ ರಿಕಾಪಿಗೆ ಮುಂಭಾಗದಲ್ಲಿ ಚರ್ಮದ ಮುಸುಕು ಇರುವುದನ್ನು ಚಿತ್ರಗಳಲ್ಲಿ ನೋಡಿದ್ದೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಇಷ್ಟು ಒಳ್ಳೆಯ ಚರ್ಮದ ಕೆಲಸ ಪಕ್ಕದಲ್ಲೇ ಇರುವಾಗ ಹೊರಗಿನಿಂದ ತರಿಸುವುದು ನನಗೆ ಸರಿಕಾಣಲಿಲ್ಲ. ಅಂಥ ಮುಸುಕಿನ ಮೊದಲ ಜೋಡಿಯನ್ನು ಮೆತ್ತಗಿರಲೆಂದು ಆಡಿನ ಚರ್ಮದಲ್ಲಿ ಹೊಲಿಸಿದಾಗ ಅದು ವಾರದೊಳಗೆ ಕುಸಿದು ಕಾಲ್ಬೆರಳಿಗೆ ಅಡ್ಡವಾಯಿತು. ಎರಡನೆಯ ಸಲ ಚಪ್ಪಲಿಯ ಅಟ್ಟೆಗೆ ಬಳಸುವ, ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದಮಾಡಿದ ಎಮ್ಮೆ ಚರ್ಮವನ್ನೇ ತೆಗೆದುಕೊಂಡೆವು. ಅದು ಆಕಾರ ಬಿಡುವುದಿಲ್ಲ, ಗಾಳಿಯನ್ನು ಪೂರ್ತಿ ತಡೆಯುತ್ತದೆ, ಪಾದ ಮುಂದಕ್ಕೆ ಜಾರಿ ರಿಕಾಪಿನಿಂದ ಆಚೆ ಹೋಗಲು ಬಿಡುವುದಿಲ್ಲ. ಈ ಕೊನೆಯ ಗುಣಕ್ಕಾಗಿ ಬೇಸಿಗೆಯಲ್ಲೂ ನಾನು ಅದನ್ನು ಕಳಚುವುದಿಲ್ಲ. ಒಳಗೆ ಕಂಬಳಿಯ ತುಂಡಿನ ಅಸ್ತರಿ, ಪಾದ ಊರುವಲ್ಲಿ ಸೈಕಲ್ ಟ್ಯೂಬಿನ ಒಂದೇ ಸುತ್ತು, ಬೂಟಿನೊಳಗೆ ಹಳೆಯ ನಮ್ದಾದಿಂದ, ಅಂದರೆ ಜೀನಿನ ಅಡಿಗೆ ಹಾಕುವ ಉಣ್ಣೆಯ ಹಾಸಿನಿಂದ, ಕತ್ತರಿಸಿದ ಒಳಅಟ್ಟೆ. ಸಣ್ಣ ಡಿಜಿಟಲ್ ಥರ್ಮಾಮೀಟರನ್ನು ಬೂಟಿನೊಳಗಿಟ್ಟು ಅಳೆದಾಗ ಅರ್ಧ ತಾಸಿನ ನಂತರ ಬರಿ ಕಬ್ಬಿಣದ ರಿಕಾಪಿಗೂ ಇದಕ್ಕೂ ಐದಾರು ಡಿಗ್ರಿಯ ವ್ಯತ್ಯಾಸ ಕಂಡಿತ್ತು.

ಇನ್ನು ಕುದುರೆಯ ವಿಷಯ. ಅದರ ಮೈಯ ಉಷ್ಣಾಂಶ 38 ಡಿಗ್ರಿಯ ಸುತ್ತಮುತ್ತ ಇರುತ್ತದೆ. ಉರಿಯುವ ಒಲೆಯ ಮೇಲೆ ದಪ್ಪ ಜೀನನ್ನು ಹೇರಿ, ಅದರ ಮೇಲೆ ಮಗುವನ್ನು ಕೂರಿಸಿ, ಚಳಿಯೆಂದು ನಾವು ಕೊರಗುತ್ತಿದ್ದೆವು. ಈಗ ಪಾಠದ ಮೊದಲ ಕಾಲು ತಾಸು ಜೀನೇ ಇಲ್ಲ. ಮಕ್ಕಳು ಮೊದಲು ತಾವೇ ಖರಾರಾ ಮಾಡಿ, ಅಂದರೆ ಕುದುರೆಯ ಮೈಯನ್ನು ತಿಕ್ಕಿ ಸ್ವಚ್ಛಮಾಡಿ, ತಮ್ಮ ಮೈಯನ್ನು ಬಿಸಿ ಮಾಡಿಕೊಳ್ಳುತ್ತಾರೆ, ಕುದುರೆಯನ್ನು ಹಿಡಿದು ಒಂದು ಸುತ್ತು ನಡೆಸುತ್ತಾರೆ, ಆಮೇಲೆ ತೆಳು ನಮ್ದಾ ಮತ್ತು ಹಿಡಿಕೆಯುಳ್ಳ ಅಗಲ ಪಟ್ಟಿಯ ಮೇಲೆ ಹೆಚ್ಚುಕಡಿಮೆ ಬರಿಬೆನ್ನಿನಲ್ಲಿ ಕೂರುತ್ತಾರೆ. ಹಗ್ಗ ಕುದುರೆ ನೋಡಿಕೊಳ್ಳುವ ಸಾಯಿಸನ ಕೈಯಲ್ಲಿರುತ್ತದೆ, ನಡಿಗೆ ಮಾತ್ರ ಇರುತ್ತದೆ. ಚಳಿಗೆ ಕುದುರೆಗಳು ಬೆಳಿಗ್ಗೆ ಚುರುಕಾಗಿ ಚಿಮ್ಮುತ್ತವೆ, ಅವುಗಳ ಸ್ನಾಯುಗಳಿಗೂ ಈ ನಿಧಾನ ನಡಿಗೆ ಬೇಕೇ ಬೇಕು. ಮೂವತ್ತು ಕಿಲೋ ಮೀರಿದ ಮಕ್ಕಳಿಗೆ ನಾನು ಈ ಹೊತ್ತನ್ನು ಕಡಿಮೆ ಮಾಡುತ್ತೇನೆ, ಏಕೆಂದರೆ ಜೀನಿಲ್ಲದಾಗ ಭಾರವೆಲ್ಲ ಬೆನ್ನಿನ ಒಂದೇ ಜಾಗದ ಮೇಲೆ ಬೀಳುತ್ತದೆ. ಜೀನು ಏರುವ ವೇಳೆಗೆ ಮಗುವಿನ ತೊಡೆ, ಮೀನಖಂಡ ಬೆಚ್ಚಗಾಗಿರುತ್ತವೆ. ಕೂರುವ ಹದವೂ ಜೀನಿನಲ್ಲೇ ಕಲಿತವರಿಗಿಂತ ಬೇಗ ಬರುತ್ತದೆ.

ಜೀನು ಬಿಗಿದ ಮೇಲೆ ಬರುವುದು ಕಂಬಳಿ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಹೊತ್ತಿನಲ್ಲಿ ದಖ್ಖನಿ ಕುರಿಯ ಉಣ್ಣೆಯ ಕಂಬಳಿಯೊಂದನ್ನು ಎರಡು ಸಾವಿರದ ಆಸುಪಾಸಿಗೆ ಕೊಂಡು, ಮೂರು ತುಂಡು ಮಾಡಿಸಿದೆ. ಹೊಸ ಕಂಬಳಿ ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿಯಿಂದ ಗಡುಸಾಗಿರುತ್ತದೆ. ಎರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ತೊಳೆದ ಮೇಲೆಯೇ ಮಕ್ಕಳ ಮೈಗೆ ಒಗ್ಗುತ್ತದೆ. ತುಂಡನ್ನು ಮಗುವಿನ ಮಡಿಲಿನಿಂದ ಎರಡೂ ತೊಡೆಗಳ ಮೇಲೆ ಹಾಯಿಸಿ, ಕುದುರೆಯ ಹೆಗಲು ಮತ್ತು ಪಕ್ಕೆಗಳ ಮೇಲೆ ಇಳಿಬಿಡುತ್ತೇನೆ. ಕುದುರೆಯ ಬಿಸಿ ಅದರಡಿಯಲ್ಲಿ ನಿಂತು ಮಗುವಿನ ಕಾಲನ್ನು ಕಾಯುತ್ತದೆ. ಕಂಬಳಿಯನ್ನು ಜೀನಿನ ಮುಂದಿನ ಬಳೆಗಳಿಗೆ ಮಾತ್ರ ಕಟ್ಟಬೇಕು, ಮಗುವಿನ ಸೊಂಟದಲ್ಲಿ ಎರಡು ಬೆರಳಗಲದ ವೆಲ್ಕ್ರೋ ಸಾಕು. ಬಿದ್ದಾಗ ಮಗುವಿನ ಮೈಗೆ ಯಾವುದೂ ಸಿಕ್ಕಿಕೊಳ್ಳಬಾರದು. ಅದು ನಡಿಗೆಗೆ ಮತ್ತು ಸರದಿ ಕಾಯುವ ಹೊತ್ತಿಗೆ ಮಾತ್ರ. ಚಳಿ ನಿಜವಾಗಿ ಹಿಡಿಯುವುದೂ ಆ ಕಾಯುವ ಹೊತ್ತಿನಲ್ಲೇ. ಟ್ರಾಟ್‌ಗೆ ಮೊದಲು ಸುತ್ತಿ ಮುಂದೆ ಕಟ್ಟುತ್ತೇನೆ, ಇಲ್ಲವಾದರೆ ಮೊಣಕಾಲು ಎಲ್ಲಿದೆಯೆಂದು ನನಗೇ ಕಾಣುವುದಿಲ್ಲ.

ಎಲ್ಲರೂ ವಿರೋಧಿಸಿದ್ದು ಈ ಕಂಬಳಿಯನ್ನೇ. ಟಾಂಗಾ ಓಡಿಸಿ ಹಣ್ಣಾದ ಹಿರಿಯರೊಬ್ಬರು, "ತಮ್ಮಾ, ಕಂಬಳಿ ಗಾಳಿಗಿ ಹಾರಿದ್ರ ಕುದರಿ ನಿಂದ್ರತದೇನು? ಕೂಸಿನ ಜೀವದ ಕೂಡ ಆಟ ಆಡಬ್ಯಾಡ" ಎಂದು ಎಲ್ಲರೆದುರು ಹೇಳಿದ್ದರು. ಅವರ ಮಾತನ್ನು ಗೌರವದಿಂದಲೇ ಕೇಳಿ, ಮಗುವನ್ನು ಕೂರಿಸುವ ಮೊದಲು ತಿಂಗಳಿಗೂ ಹೆಚ್ಚು ಕಾಲ ಕುದುರೆಗಳಿಗೆ ಅಭ್ಯಾಸ ಮಾಡಿಸಿದೆ. ಮೊದಲು ಲಾಯದಲ್ಲಿ ಮೇವಿನ ಪಕ್ಕಕ್ಕೆ ತೂಗುಹಾಕಿ ವಾಸನೆ ಹಿಡಿಸುವುದು, ನಂತರ ಮೈಗೆ ಉಜ್ಜುವುದು, ಆಮೇಲೆ ಎಡಬಲ ಎರಡೂ ಬದಿಯಿಂದ ಹೊದಿಸಿ ನಡೆಸುವುದು, ಕೊನೆಗೆ ಗಾಳಿಯ ದಿನವೇ ಹೊರಗೆ ತರುವುದು. ಒಂದು ಬದಿಗೆ ಒಗ್ಗಿದ ಕುದುರೆ ಇನ್ನೊಂದು ಬದಿಗೆ ಬೆದರುವುದು ನಿಮಗೆಲ್ಲ ಗೊತ್ತಿರುವ ಸಂಗತಿ. ಒಂದು ಕುದುರೆ ಕೊನೆಗೂ ಒಪ್ಪಲಿಲ್ಲ, ಅದನ್ನು ಚಳಿಗಾಲದ ಮಕ್ಕಳ ಪಾಠದಿಂದ ಹೊರಗಿಟ್ಟಿದ್ದೇನೆ. ಕಂಬಳಿ ಹಾರದಂತೆ ಅಂಚಿನೊಳಗೆ ನಾನು ಹೊಲಿಸಿರುವ ಭಾರ ಯಾವುದೆಂಬುದನ್ನು ಸದ್ಯಕ್ಕೆ ಬರೆಯುವುದಿಲ್ಲ. ಅದಕ್ಕೆ ಬಹಳ ತಲೆ ಓಡಿಸಿದ್ದೇನೆ, ಲಾಯಕ್ಕೆ ಬಂದವರಿಗೆ ತೋರಿಸುತ್ತೇನೆ. ಆ ಹಿರಿಯರು ಕಳೆದ ವರ್ಷ ತಮ್ಮ ಮೊಮ್ಮಗಳನ್ನು ನನ್ನಲ್ಲಿಗೇ ಕಳುಹಿಸಿದರು.

ನಡುವೆ ಬಿಸಿ ಚೀಲದ ಪ್ರಯೋಗವನ್ನೂ ಮಾಡಿದೆ. ಹಂಚಿನ ಮೇಲೆ ಬಿಸಿ ಮಾಡಿದ ಬಿಳಿಜೋಳವನ್ನು ಹತ್ತಿಯ ಚೀಲದಲ್ಲಿ ತುಂಬಿದರೆ ಇಪ್ಪತ್ತು ನಿಮಿಷ ಹಿತವಾದ ಬಿಸಿ ನಿಲ್ಲುತ್ತದೆ. ಆದರೆ ಕಾಳಿನ ವಾಸನೆಗೆ ಕುದುರೆ ಕತ್ತು ತಿರುಗಿಸಿ ಮಗುವಿನ ಜೇಬಿಗೆ ಬಾಯಿ ಹಾಕತೊಡಗಿತು. ಹರಳುಪ್ಪು ತುಂಬಿದರೆ ಭಾರ, ಇಬ್ಬನಿಗೆ ಗಟ್ಟಿಯಾಗುತ್ತದೆ. ಈಗ ಜೋಳದ ಚೀಲವನ್ನು ಕಟ್ಟೆಯ ಮೇಲೆ ಕುಳಿತು ಕಾಯುವ ಮಕ್ಕಳಿಗಷ್ಟೇ ಕೊಡುತ್ತೇನೆ, ಜೊತೆಗೆ ಒಂದು ಶೇಂಗಾ ಉಂಡಿ. ಬರಿಹೊಟ್ಟೆಯಲ್ಲಿ ಬಂದ ಮಗು ಯಾವ ಕಂಬಳಿಯಲ್ಲೂ ಬೆಚ್ಚಗಾಗುವುದಿಲ್ಲ.

ಕೈಗೆ ಸಾಧಾರಣ ಉಣ್ಣೆಯ ಗವಸು ಸಾಕು, ಆದರೆ ಅದು ಲಗಾಮಿನ ಮೇಲೆ ಜಾರುತ್ತದೆ. ಉಂಗುರ ಬೆರಳು ಮತ್ತು ಕಿರುಬೆರಳಿನ ನಡುವೆ ಲಗಾಮು ಹಾಯುವಲ್ಲಿ ಅಥಣಿಯ ಅಂಗಡಿಯಲ್ಲಿ ಉಳಿದ ಚರ್ಮದ ಚೂರನ್ನು ಹೊಲಿಸಿದೆ. ಮಂಕಿ ಕ್ಯಾಪನ್ನು ಹೆಲ್ಮೆಟ್ಟಿನ ಕೆಳಗೆ ಹಾಕಲು ನಾನು ಬಿಡುವುದಿಲ್ಲ, ಅದರಿಂದ ಹೆಲ್ಮೆಟ್ ತಲೆಯ ಮೇಲೆ ಅಲ್ಲಾಡುತ್ತದೆ; ಕಿವಿ ಮುಚ್ಚುವ ತೆಳು ಪಟ್ಟಿ ಸಾಕಾಗುತ್ತದೆ. ಮಫ್ಲರ್ ಪೂರ್ತಿ ನಿಷಿದ್ಧ. ಚಳಿಯಾಗುತ್ತಿದೆಯೇ ಎಂದು ಕೇಳಿದರೆ ಇಳಿಸಿಬಿಡುತ್ತಾರೆಂಬ ಹೆದರಿಕೆಗೆ ಮಕ್ಕಳು ಇಲ್ಲವೆಂದೇ ಹೇಳುತ್ತಾರೆ, ಆದ್ದರಿಂದ ಕತ್ತಿನ ಹಿಂಭಾಗಕ್ಕೆ ಕೈಯಿಟ್ಟು ನೋಡುತ್ತೇನೆ.

ರಿಕಾಪಿನ ಮುಸುಕು ಜೋಡಿಗೆ ಏಳೆಂಟು ನೂರು, ಕಂಬಳಿಯ ತುಂಡಿಗೆ ಹೊಲಿಗೆ ಸೇರಿ ಎಂಟು ನೂರರಷ್ಟು. ಒಂದು ಕುದುರೆಗೆ ಒಂದೂವರೆ ಸಾವಿರದ ಸುಮಾರಿಗೆ ಕೆಲಸ ಮುಗಿಯುತ್ತದೆ, ಅದೇ ಸಾಮಾನು ಎಲ್ಲ ಮಕ್ಕಳಿಗೂ ಆಗುತ್ತದೆ. ನಾನು ಮೊದಲು ಜಾಕೆಟ್ಟುಗಳಿಗೆ ಹಾಕಿದ ಹಣ ಇದರ ನಾಲ್ಕೈದು ಪಟ್ಟು. ಪಾಠ ಮುಗಿದಾಗ ಮಗುವನ್ನು ಕೂಡಲೇ ಜಿಗಿಸಬೇಡಿ. ತಣ್ಣಗಾದ ಪಾದ ನೆಲಕ್ಕೆ ಬಡಿದರೆ ಹಿಮ್ಮಡಿಯಿಂದ ಮೊಣಕಾಲಿನವರೆಗೆ ಜುಮ್ಮೆನ್ನುತ್ತದೆ. ರಿಕಾಪಿನಿಂದ ಕಾಲು ತೆಗೆಸಿ, ಪಾದದ ಹರಡನ್ನು ಹತ್ತು ಸಲ ತಿರುಗಿಸಲು ಹೇಳಿ, ಆಮೇಲೆ ಜಾರಿಸಿ ಇಳಿಸಿ. ಇಳಿದ ಮೇಲೆ ಆ ಕಂಬಳಿಯನ್ನೇ ಬೆವರಿದ ಕುದುರೆಯ ಸೊಂಟಕ್ಕೆ ಹೊದಿಸಿ, ಮೈ ಆರುವವರೆಗೆ ನಡೆಸುವ ಕೆಲಸವನ್ನು ಮಗುವಿಗೇ ಕೊಡಿ.