ಗೇರು ಗುಡ್ಡೆಗೆ ಗೇರಿಲ್ಲದ ಸೈಕಲ್

“ಗುಡ್ಡೆ ಹತ್ಲಿಕ್ಕೇ ಅಲ್ವಾ ಮಾರಾಯಾ ಗೇರ್ ಇರುವುದು? ನೀನು ಅದನ್ನೇ ಬಿಚ್ಚಿ ಹಾಕ್ತಿಯಲ್ಲ!”

2020ರ ಮಳೆಗಾಲದಲ್ಲಿ ಭಾವ ನಮ್ಮ ಅಂಗಳದಲ್ಲಿ ನಿಂತು ಹೇಳಿದ ಮಾತು. ಮಂಗಳೂರಿನ ಅಂಗಡಿಯವರೊಬ್ಬರು ಫೋನಿನಲ್ಲಿ ಅದನ್ನೇ ಹೇಳಿದರು. ಜೊತೆಗೆ ಸೈಕಲ್ ಓಡಿಸುವ ಗೆಳೆಯರೂ ಒಂದು ತಿಂಗಳಲ್ಲಿ ಬಿಡ್ತೀಯ ಅಂದರು. ಆಮೇಲೆ ನಾಲ್ಕು ಮಳೆಗಾಲ ಪೂರ್ತಿ ಸಿಂಗಲ್ ಸ್ಪೀಡಿನಲ್ಲೇ, ಅಂದರೆ ಬದಲಿಸಲಾಗದ ಒಂದೇ ಗೇರಿನಲ್ಲೇ, ಓಡಿಸಿದ್ದೇನೆ. ಕಾಸರಗೋಡಿನ ಪೆರ್ಲದ ಸುತ್ತಿನ ಗುಡ್ಡೆ, ಗೇರು ತೋಟದ ದಾರಿ, ತೋಡಿನ ಬದಿ, ಯಾವುದನ್ನೂ ಬಿಟ್ಟಿಲ್ಲ. ಇನ್ನು ಬರೆಯಬಹುದು ಅನ್ನಿಸಿದೆ.

ಶುರುವಾದದ್ದು ದುಡ್ಡಿನಿಂದ. 2016ರಲ್ಲಿ ಸುಮಾರು 28 ಸಾವಿರಕ್ಕೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಒಂದು ಹಾರ್ಡ್‌ಟೇಲ್ ಸೈಕಲ್ ತಗೊಂಡಿದ್ದೆ. 27.5 ಇಂಚಿನ ಚಕ್ರ, ಗೇರ್ ಮುಂದೆ ಮೂರು, ಹಿಂದೆ ಎಂಟು. ಬೇಸಿಗೆಯಲ್ಲಿ ಒಂದು ತಕರಾರೂ ಇಲ್ಲ. ಮಳೆ ಬಂದರೆ ಮುಗಿಯಿತು. ನಮ್ಮ ಕೆಸರು ಬರೀ ಕೆಸರಲ್ಲ. ಮುರಕಲ್ಲಿನ ಪುಡಿ ಸೇರಿದ ಕೆಂಪು ಕೆಸರು. ಚೈನಿನೊಳಗೆ ಹೋದರೆ ಉಪ್ಪುಕಾಗದ ಉಜ್ಜಿದ ಹಾಗೆ. ಅದಕ್ಕಿಂತ ಹೆಚ್ಚು ಕಾಟ ಕೊಟ್ಟದ್ದು ಅಡಿಕೆ ಸೋಗೆ. ಸೋಗೆಯ ಒಂದೇ ಒಂದು ಎಲೆ ಸಾಕು. ಸ್ಪೋಕಿಗೆ ಸಿಕ್ಕಿ ಒಂದು ಸುತ್ತು ಬರುತ್ತದೆ, ಗೇರ್ ಬದಲಿಸುವ ಡೀರೇಲರಿನ ಕೆಳಗಿನ ಪುಟ್ಟ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಟಕ್ ಅಂತ ಶಬ್ದ. ನೀವು ಪೆಡಲ್ ನಿಲ್ಲಿಸುವಷ್ಟರಲ್ಲಿ ಅದನ್ನು ಹಿಡಿದಿರುವ ಹ್ಯಾಂಗರ್ ಬಾಗಿ, ಡೀರೇಲರ್ ಸ್ಪೋಕಿನ ಒಳಗೆ ಇರುತ್ತದೆ.

2019ರ ಒಂದೇ ಮಳೆಗಾಲದಲ್ಲಿ ಮೂರು ಹ್ಯಾಂಗರ್ ಹೋಯಿತು. ಒಂದಕ್ಕೆ 450ರ ಹತ್ತಿರ. ಮೂರನೇ ಸಲ ಡೀರೇಲರೂ ಹೋಯಿತು, 1800. ಎರಡು ಚೈನ್, ಹಿಂದಿನ ಹಲ್ಲುಚಕ್ರಗಳ ಕಟ್ಟು ಅಂದರೆ ಕ್ಯಾಸೆಟ್ ಒಂದು, ತುಕ್ಕು ಹಿಡಿದ ಕೇಬಲ್‌ಗಳು. ಆರು ಸಾವಿರ ದಾಟಿತು. ಓಡಿಸಿದ್ದು ಏಳುನೂರು ಕಿಲೋಮೀಟರ್ ಇರಬಹುದು. ಬಿಡಿಭಾಗ ಬರುವ ತನಕ ಸುಮ್ನೆ ಕೂತ ದಿನಗಳು ಬೇರೆ.

ಮರುವರ್ಷ ಮಾರ್ಚ್‌ನಲ್ಲಿ ಕೊರೋನಾ ಅಂತ ಕರ್ನಾಟಕದ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು ಈ ಕಡೆಯ ಯಾರೂ ಮರೆಯುವ ವಿಷಯ ಅಲ್ಲ. ನಮಗೆ ಸೈಕಲ್ ಸಾಮಾನು ಅಂದರೆ ಪುತ್ತೂರು, ಇಲ್ಲದಿದ್ದರೆ ಮಂಗಳೂರು. ಎರಡೂ ಆಚೆ. ಜೂನ್‌ನಲ್ಲಿ ಮತ್ತೆ ಹ್ಯಾಂಗರ್ ಮುರಿಯಿತು. ತರಿಸಲು ದಾರಿಯಿಲ್ಲ. ಆವತ್ತೇ ಡೀರೇಲರ್ ಬಿಚ್ಚಿದೆ.

ಹಳೇ ಕ್ಯಾಸೆಟ್ಟಿನ ರಿವೆಟ್ ಡ್ರಿಲ್ ಮಾಡಿ 16 ಹಲ್ಲಿನ ಹಲ್ಲುಚಕ್ರ, ಅಂದರೆ ಕಾಗ್, ಒಂದನ್ನು ತೆಗೆದೆ. ಅದರ ಅಕ್ಕಪಕ್ಕದ ಖಾಲಿ ಜಾಗ ತುಂಬುವ ಸ್ಪೇಸರ್ ಎಲ್ಲಿಂದ ತರುವುದು? ತೋಟದ ಸ್ಪ್ರಿಂಕ್ಲರಿಗೆ ಹಾಕಿ ಉಳಿದ 40 ಮಿ.ಮೀ. ಪಿವಿಸಿ ಪೈಪಿನ ತುಂಡು ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿತ್ತು. ಹಿಂದಿನ ಚಕ್ರದಲ್ಲಿ ಕಾಗ್ ಕೂರುವ ಫ್ರೀಹಬ್ಬಿನ ಮೇಲೆ ಇಟ್ಟು ನೋಡಿದೆ, ಅಳತೆ ತೆಗೆದು ಮಾಡಿದ ಹಾಗೆ ಕೂತಿತು! ಹ್ಯಾಕ್ಸಾದಲ್ಲಿ ಕೊಯ್ದದ್ದು ಸೊಟ್ಟ ಆಯಿತು. ಸೊಟ್ಟ ಸ್ಪೇಸರ್ ಹಾಕಿದರೆ ಕಾಗ್ ಓಲಾಡುತ್ತದೆ, ಚೈನ್ ನಿಲ್ಲುವುದಿಲ್ಲ. ಮೂರು ಜೊತೆ ಹಾಳು ಮಾಡಿದ ಮೇಲೆ ಉಪಾಯ ಹೊಳೆಯಿತು. ಪೈಪಿಗೆ ಕಾಗದದ ಪಟ್ಟಿ ಬಿಗಿಯಾಗಿ ಸುತ್ತಿ, ಅದರ ಅಂಚು ಹಿಡಿದು ಕೊಯ್ಯುವುದು. ಆಮೇಲೆ ಗಾಜಿನ ಮೇಲೆ ಉಪ್ಪುಕಾಗದ ಇಟ್ಟು ಮೆಲ್ಲಗೆ ತಿಕ್ಕುವುದು. ಇವತ್ತಿಗೂ ನನ್ನ ಸೈಕಲಲ್ಲಿ ಇರುವುದು ಅದೇ ಪೈಪಿನ ತುಂಡು. ಖರ್ಚು ಸೊನ್ನೆ.

ಆದರೆ ಕ್ಯಾಸೆಟ್ಟಿನ ಕಾಗ್ ಹಾಕಬೇಡಿ. ಅದರ ಹಲ್ಲು ಚೈನ್ ಸುಲಭವಾಗಿ ಪಕ್ಕಕ್ಕೆ ದಾಟಲಿ ಅಂತಲೇ ಮಾಡಿದ್ದು. ನಮಗೆ ಬೇಕಾದದ್ದು ಅದರ ಉಲ್ಟಾ. ಇಳಿಜಾರಿನಲ್ಲಿ ಎರಡು ಸಲ ಚೈನ್ ಕಳಚಿತು. ಎರಡನೇ ಸಲ ಮುರಕಲ್ಲಿನ ಮೆಟ್ಟಿಲಿಗೆ ಮೊಣಕಾಲು ತಾಗಿ ಆರು ಹೊಲಿಗೆ. ಸಿಂಗಲ್ ಸ್ಪೀಡಿಗೇ ಮಾಡಿದ, ಬುಡ ಅಗಲ ಇರುವ ಕಾಗ್ ತಗೊಳ್ಳಿ. ನಾನು ತಗೊಂಡಾಗ ಒಂಬೈನೂರರಿಂದ ಸಾವಿರ ಆಗುತ್ತಿತ್ತು. ತೆಳು ಕಾಗ್ ಅಲ್ಯೂಮಿನಿಯಂ ಫ್ರೀಹಬ್ಬಿಗೆ ಕಚ್ಚಿ ಕೂತರೆ ಸುತ್ತಿಗೆಯಲ್ಲಿ ಹೊಡೆದು ಕೀಳಬೇಕು. ನಾನು ಕಿತ್ತಿದ್ದೇನೆ.

ಇನ್ನು ಮುಂದಿನ, ಹಿಂದಿನ ಹಲ್ಲುಗಳ ಅನುಪಾತ. ಎಲ್ಲರೂ ಜಗಳ ಆಡುವುದು ಇದರ ಮೇಲೆಯೇ. ಮುಂದೆ 32, ಹಿಂದೆ 16, ಸರಿಯಾಗಿ ಎರಡಕ್ಕೊಂದು ಅಂತ ಎಲ್ಲರೂ ಹೇಳುತ್ತಿದ್ದರು. ಅದು 26 ಇಂಚಿನ ಚಕ್ರದ ಕಾಲದ ಲೆಕ್ಕ. ಚಕ್ರ ದೊಡ್ಡದಾದರೆ ಅದೇ ಅನುಪಾತ ಭಾರವಾಗುತ್ತದೆ. ಇದನ್ನು ನಾನು ಕಲಿತದ್ದು ಮಂಡಿ ನೋಯಿಸಿಕೊಂಡು. ಮೂರು ವಾರ ಅಂಗಳ ಬಿಟ್ಟು ಸೈಕಲ್ ಹೊರಡಲಿಲ್ಲ. ಆಮೇಲೆ 18 ಹಾಕಿದೆ. ಒಣ ನೆಲಕ್ಕೆ ಪರವಾಗಿಲ್ಲ. ಕೊನೆಗೆ 20 ಹಾಕಿದ ದಿನ ಗೊತ್ತಾಯಿತು, ಇದೇ ಅಂತ.

ನನ್ನ ಪರೀಕ್ಷೆ ಮನೆ ಹಿಂದಿನ ಏರು. ತೋಟದ ಬುಡದಿಂದ ಪದವಿನ ತಲೆಯ ತನಕ 1.2 ಕಿಲೋಮೀಟರ್, ಏರಿಕೆ 90 ಮೀಟರ್ ಇರಬಹುದು. ಗೇರ್ ಇದ್ದಾಗ ಒಂಬತ್ತೂವರೆ ನಿಮಿಷ ಬೇಕಾಗುತ್ತಿತ್ತು. 32ಕ್ಕೆ 20ರಲ್ಲಿ ಎಂಟು ನಿಮಿಷ. ಕಾರಣ ಸರಳ. ಸಣ್ಣ ಗೇರ್ ಇದ್ದರೆ ಕೈ ತಾನಾಗಿ ಅದಕ್ಕೇ ಹೋಗುತ್ತದೆ. ಇಲ್ಲದಿದ್ದರೆ ಎದ್ದು ನಿಂತು ತುಳಿಯಲೇಬೇಕು. ಒಂದು ಸುತ್ತಿಗೆ ಮೂರೂವರೆ ಮೀಟರ್ ಮುಂದೆ ಹೋಗುತ್ತದೆ, ನಿಮಿಷಕ್ಕೆ ನಲವತ್ತೈದು ಸುತ್ತು ಸಿಕ್ಕಿದರೆ ಸಾಕು. ಬೇರೆಯವರ ಸಂಖ್ಯೆ ನೋಡಬೇಡಿ. ವಾರಕ್ಕೆ ನಾಲ್ಕು ಸಲ ಹತ್ತುವ ನಿಮ್ಮದೇ ಏರಿನಲ್ಲಿ, ಇಳಿಯದೆ ಹತ್ತುವ ಅತಿ ದೊಡ್ಡ ಗೇರ್ ಯಾವುದು ಅಂತ ಮೊದಲು ಗೇರ್ ಸೈಕಲಲ್ಲೇ ನೋಡಿ. ಅದಕ್ಕಿಂತ ಒಂದು ಹಲ್ಲು ಹಗುರ ಮಾಡಿ. ಒಂದು ವಾರ ಶಿಫ್ಟರ್ ಮುಟ್ಟದೆ ಓಡಿಸಿ. ಆಮೇಲೆ ದುಡ್ಡು ಹಾಕಿ.

ಚೈನ್ ಸಡಿಲವಾಗದ ಹಾಗೆ ಒತ್ತಿ ಹಿಡಿಯುವ ಟೆನ್ಷನರಿನ ಕಥೆ ಉದ್ದ ಇದೆ. ಮೊದಲು ಹಳೇ ಡೀರೇಲರನ್ನೇ ಟೆನ್ಷನರ್ ಮಾಡಿದೆ. ಸೋಗೆ ಮತ್ತೆ ಸಿಕ್ಕಿಕೊಂಡಿತು, ಹಾಗಾದರೆ ಇಷ್ಟೆಲ್ಲ ಮಾಡಿ ಏನು ಬಂತು? ಆಮೇಲೆ 1600 ಕೊಟ್ಟು ಸ್ಪ್ರಿಂಗಿನ ಟೆನ್ಷನರ್ ತಂದೆ. ಕೆಸರು ತುಂಬಿ ಸ್ಪ್ರಿಂಗ್ ಜಡವಾಯಿತು. ಚೈನನ್ನು ಕೆಳಗೆ ಒತ್ತುವ ಬದಲು ಮೇಲಕ್ಕೆ ಒತ್ತುವ ಹಾಗೆ ತಿರುಗಿಸಿದಾಗ ಸ್ವಲ್ಪ ಸುಧಾರಿಸಿತು, ಕಾಗಿಗೆ ಚೈನ್ ಜಾಸ್ತಿ ಸುತ್ತುತ್ತದಲ್ಲ. ಈಗ ಅದೂ ಇಲ್ಲ. ನನ್ನ ಫ್ರೇಮಿಗೆ 32, 20 ಮತ್ತು ಒಂದು ಅರ್ಧ ಕೊಂಡಿ ಹಾಕಿದರೆ ಚೈನ್ ತಾನಾಗಿ ಬಿಗಿಯಾಗುತ್ತದೆ. ಎಲ್ಲ ಫ್ರೇಮಿಗೂ ಹೀಗೆ ಹೊಂದುವುದಿಲ್ಲ, ಅದೃಷ್ಟ ಬೇಕು. ಜೂನ್, ಜುಲೈಯ ಭಾರೀ ಕೆಸರಿಗೆ 30 ಮತ್ತು 22 ಹಾಕುತ್ತೇನೆ. ಆಗಲೂ ಕೂಡಿದರೆ 52 ಹಲ್ಲೇ. ಹಾಗಾಗಿ ಅದೇ ಚೈನ್ ಸಾಕು. ಚೈನ್ ಸವೆದು ಸಡಿಲವಾದಾಗ ಏನು ಮಾಡುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕೆ ನಾನು ಒಂದು ಇಡೀ ಆಟಿ ತಿಂಗಳು ಕೊಟ್ಟಿದ್ದೇನೆ.

ದೊಡ್ಡ ಖರ್ಚು ಹಬ್ಬಿನದು. ನಿಂತು ತುಳಿಯುವ ಭಾರಕ್ಕೆ ಅಗ್ಗದ ಫ್ರೀಹಬ್ಬಿನ ಒಳಗಿನ ಹಲ್ಲು ಜಾರತೊಡಗಿತು. ಏರಿನ ಮಧ್ಯದಲ್ಲಿ ಪೆಡಲ್ ಒಮ್ಮೆಲೇ ಖಾಲಿಯಾಗುತ್ತದೆ, ಎದೆ ಹ್ಯಾಂಡಲಿಗೆ ಬಡಿಯುತ್ತದೆ. ಹೊಸ ಹಬ್ 3500, ಸ್ಪೋಕ್ ಕಟ್ಟಿಸಲು ಇನ್ನೊಂದು ಏಳುನೂರು. ಕಾಗ್‌ಗಳು, ಚೈನ್‌ರಿಂಗ್, ದಂಡಕ್ಕೆ ಹೋದ ಟೆನ್ಷನರ್ ಎಲ್ಲ ಸೇರಿ ಹತ್ತು ಸಾವಿರದ ಆಸುಪಾಸು ಆಗಿದೆ. ಆದರೆ ಆಮೇಲಿನ ಮೂರು ಮಳೆಗಾಲದಲ್ಲಿ ಚೈನ್, ಬ್ರೇಕ್ ಪ್ಯಾಡ್ ಬಿಟ್ಟರೆ ಬೇರೇನೂ ತಗೊಂಡಿಲ್ಲ. ವರ್ಷಕ್ಕೆ 1500 ಮೀರಲಿಲ್ಲ. ಸೋಗೆ ಈಗಲೂ ಸಿಕ್ಕಿಕೊಳ್ಳುತ್ತದೆ. ಕೈಯಲ್ಲಿ ಎಳೆದು ಬಿಸಾಡಿ ಹೊರಡುತ್ತೇನೆ.

ಬದಿಯಲ್ಲಿ ಮಾಡಿದ ಪ್ರಯೋಗಗಳೂ ಇವೆ. ಚೈನಿಗೆ ಮೇಣ ಕರಗಿಸಿ ಹಾಕಿದೆ. ಬೇಸಿಗೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಮಳೆಗೆ ಎರಡೇ ದಿನದಲ್ಲಿ ತುಕ್ಕು. ಮರ ಕೊಯ್ಯುವ ಯಂತ್ರದ ಚೈನಿಗೆ ಹಾಕುವ ಎಣ್ಣೆ ತಂದು ಹಾಕಿದೆ. ಅಂಟಂಟು, ಕೊಳಕು, ಆದರೆ ನಿಲ್ಲುತ್ತದೆ. ಅದನ್ನೇ ಇಟ್ಟುಕೊಂಡಿದ್ದೇನೆ. ಇನ್ನೊಂದು, ಅಡಿಕೆಗೆ ಮದ್ದು ಬಿಡುವ ಪಂಪಿನಲ್ಲಿ ಸೈಕಲ್ ತೊಳೆದೆ. ಕೆಸರು ಚೆನ್ನಾಗಿ ಹೋಯಿತು. ಪೈಪಿನೊಳಗೆ ಮೈಲುತುತ್ತಿನ ನೀರು ಉಳಿದಿತ್ತು ಅಂತ ಮರುದಿನ ಗೊತ್ತಾಯಿತು, ರಿಮ್ಮಿನ ತುಂಬ ಕಪ್ಪು ಚುಕ್ಕೆ. ಅಲ್ಯೂಮಿನಿಯಂಗೂ ತಾಮ್ರಕ್ಕೂ ಆಗುವುದಿಲ್ಲ. ತೋಟ ಇರುವವರು ನೆನಪಿಡಿ.

ಹಾಗಂತ ಗೇರ್ ಬೇಡ ಅಂತ ನಾನು ಹೇಳುವುದಿಲ್ಲ. 2021ರಲ್ಲಿ ಸೆಕೆಂಡ್‌ಹ್ಯಾಂಡ್ ಗೇರ್ ಸೈಕಲ್ ಒಂದನ್ನು 35 ಸಾವಿರಕ್ಕೆ ತಗೊಂಡೆ. ಮುಂದೆ ಒಂದೇ 32, ಹಿಂದೆ 11ರಿಂದ 42. ಕುಂಬಳೆಯ ಕಡೆ ಸಮತಟ್ಟು ರಸ್ತೆಯಲ್ಲಿ ಸಿಂಗಲ್ ಹದಿನೆಂಟು ಇಪ್ಪತ್ತು ಕಿಲೋಮೀಟರ್ ವೇಗಕ್ಕೆ ಮುಗಿಯುತ್ತದೆ. ಕಾಲು ಸುಮ್ನೆ ತಿರುಗುತ್ತದೆ, ಗೆಳೆಯರು ಮುಂದೆ ಹೋಗಿರುತ್ತಾರೆ. ರಾಣಿಪುರದ ಕಡೆಯ ಉದ್ದದ ಏರಿಗೆ ಸಿಂಗಲ್ ಒಯ್ದು ಅರ್ಧ ದಾರಿ ದೂಡಿದ್ದೇನೆ. ಪೊಸಡಿಗುಂಪೆ ಗುಡ್ಡಕ್ಕೆ ಎರಡನ್ನೂ ಒಯ್ದಿದ್ದೇನೆ, ಒಣಗಿದ ಕಾಲದಲ್ಲಿ ಗೇರೇ ವಾಸಿ. ಹಾವಸೆ ಕಟ್ಟಿದ ಮುರಕಲ್ಲಿನ ಮೇಲೆ ಎರಡೂ ಒಂದೇ. ನಿಂತು ತುಳಿದರೆ ಹಿಂದಿನ ಚಕ್ರ ಹಗುರವಾಗಿ ಜಾರುತ್ತದೆ, ಕೂತು ತುಳಿಯಲು ಸಿಂಗಲ್ ಬಿಡುವುದಿಲ್ಲ. ಅಲ್ಲಿ ಇಳಿದು ದೂಡುವುದೇ.

ಒಂದೇ ಸೈಕಲಿಗೆ ದುಡ್ಡಿದ್ದು, ರಸ್ತೆ, ಗುಡ್ಡೆ ಎರಡೂ ಓಡಿಸುವವರಾದರೆ ಗೇರ್ ತಗೊಳ್ಳಿ. ಮಂಡಿ ನೋವಿದ್ದವರೂ ಅಷ್ಟೇ. ಮನೆಯಲ್ಲಿ ಹಳೇ ಗೇರ್ ಸೈಕಲ್ ಬಿದ್ದಿದ್ದು, ಮಳೆಯಲ್ಲೂ ಗುಡ್ಡೆಗೆ ಹೋಗದೆ ಇರಲಾರದವರಾದರೆ ಅದನ್ನು ಸಿಂಗಲ್ ಮಾಡಿ. ನಾನು ಮೇ ಕೊನೆಗೆ ಗೇರ್ ಸೈಕಲ್ ಒರೆಸಿ ಅಟ್ಟಕ್ಕೆ ಏರಿಸುತ್ತೇನೆ, ಚೈನ್ ಬಿಚ್ಚಿ ಎಣ್ಣೆಯಲ್ಲಿ ಹಾಕಿಡುತ್ತೇನೆ. ಅದು ಇಳಿಯುವುದು ದೀಪಾವಳಿ ಕಳೆದು ಪದವಿನ ಹುಲ್ಲು ಹಳದಿಯಾದ ಮೇಲೆ.